ಟಿಕೆಟ್ಟು ಮುಗಿಲಿಗೇರಿತಲೇ ಪರಾಕ್

ಕೂಡ್ಲಿಗಿಗೆ ರೈಲಿಲ್ಲ. ಸಮುದ್ರವಂತೂ ದೇವರೇ ಕೊಟ್ಟಿಲ್ಲ. ವಿಮಾನ ಬೇಕೆಂದರೆ ಕತ್ತೆತ್ತಿ ನೋಡಬೇಕು. ಇಂಥ ಊರಿನ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಬೆಳ್ಳಂಬೆಳಿಗ್ಗೆ ಯಾವುದರ ಮೇಲೆ ಚರ್ಚೆ? ಬಾರ್ಸಿಲೋನಾ ಟಿಕೆಟ್ ಈಗಲೇ ಬುಕ್ ಮಾಡಬೇಕೋ, ದೀಪಾವಳಿ ದಾಟಿದ ಮೇಲೋ!

ಕ್ರೂಸ್ ನಮ್ಮ ಸೀಮೆಗೂ ಬಂತು ಸ್ವಾಮಿ. ಮೊದಲು ಕಾಶಿ ಇತ್ತು. ಆಮೇಲೆ ದುಬೈ, ಸಿಂಗಪುರ. ಈಗ ಹಡಗು. ಮಗ ನ್ಯೂಜೆರ್ಸಿಯಲ್ಲೋ ಡಲ್ಲಾಸಿನಲ್ಲೋ ಇರುತ್ತಾನೆ. ಅಪ್ಪ-ಅಮ್ಮನ ಮದುವೆಯಾಗಿ ನಲವತ್ತು ವರ್ಷವಾಯಿತೆಂದು ಮೆಡಿಟರೇನಿಯನ್ ಸಮುದ್ರದ ಮೇಲೆ ಏಳು ರಾತ್ರಿ ಕಾಣಿಕೆ ಕೊಡುತ್ತಾನೆ. ಹಡಗಿನ ದುಡ್ಡು ಅವನದು. ವಿಮಾನದ ದುಡ್ಡು ಅಪ್ಪನದು. ಕಾಣಿಕೆ ಅಂದರೆ ಈಗ ಹೀಗೆ.

ಹಂಪಿಯ ಅರಸರ ಕಾಲದಲ್ಲಿ ಹಡಗಲಿಯ ಹೂವು ತುಂಗಭದ್ರೆಯ ಮೇಲೆ ಹಡಗೇರಿ ಹೋಗುತ್ತಿತ್ತಂತೆ. ಈ ಸೀಮೆಯ ಮರ್ಯಾದಸ್ಥ ಕ್ರೂಸ್ ಅದೊಂದೇ. ಆ ಹೂವಿಗೆ ಯಾರೂ ವೀಸಾ ಕೇಳಲಿಲ್ಲ.

ಈಗಿನ ವ್ಯವಹಾರದ ಚಂದ ನೋಡಿ. ಹಡಗಿನವರು ಒಂದೂವರೆ ವರ್ಷ, ಎರಡು ವರ್ಷ ಮುಂಚೆಯೇ ಕೋಣೆ ಮಾರಲು ಕೂರುತ್ತಾರೆ. ಈಗ ಹಿಡಿದರೆ ಬಾಲ್ಕನಿ, ತಡ ಮಾಡಿದರೆ ಕಿಟಕಿ ಇಲ್ಲದ ಗೂಡು. ವಿಮಾನದವರು ಸೀಟು ಮಾರಾಟಕ್ಕಿಡುವುದು ಹೊರಡುವ ದಿನಕ್ಕೆ ಹನ್ನೊಂದು-ಹನ್ನೆರಡು ತಿಂಗಳು ಇರುವಾಗ. ಅಂದರೆ ಹೋಗುವ ದಾರಿ ಇನ್ನೂ ಅಂಗಡಿಗೇ ಬಂದಿಲ್ಲ, ಹಡಗಿಗೆ ಮುಂಗಡ ಕಟ್ಟಿ ಆಗಿದೆ. ಷೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಮುಟ್ಟುವುದೇ ಇಲ್ಲ. ಹಡಗಿನ ಪೂರ್ತಿ ಹಣವನ್ನು ಸಾಮಾನ್ಯವಾಗಿ ಮೂರು ತಿಂಗಳು ಇರುವಾಗಲೇ ಕಟ್ಟಬೇಕು. ಆಮೇಲೆ ಮನಸ್ಸು ಬದಲಾದರೆ ಕಡಿತ ಶುರು.

ಮೂರು ಗಡಿಯಾರ. ಮೂರೂ ಬೇರೆ ಬೇರೆ ಹೊತ್ತು ತೋರಿಸುತ್ತವೆ. ಇದಕ್ಕೆ 'ಸ್ಮಾರ್ಟ್ ಪ್ಲಾನಿಂಗ್' ಎಂದು ಹೆಸರು.

ವೀಸಾದವರ ಮಾತು ಇನ್ನೂ ರುಚಿ. ಅರ್ಜಿಯ ಜೊತೆ ವಿಮಾನದ ಬುಕಿಂಗ್ ತೋರಿಸಿ ಎನ್ನುತ್ತಾರೆ. ವೀಸಾ ಕೈಗೆ ಬರುವ ತನಕ ಟಿಕೆಟ್ಟಿಗೆ ದುಡ್ಡು ಹಾಕಬೇಡಿ ಎಂದೂ ಎನ್ನುತ್ತಾರೆ. ಎರಡೂ ಒಂದೇ ಬಾಯಿ. ಈ ಎರಡು ಮಾತಿನ ನಡುವಿನ ಸಂದಿಯಲ್ಲಿ ಡಮ್ಮಿ ಟಿಕೆಟ್ ಮಾರುವವರು ಮನೆ ಕಟ್ಟಿಸಿಕೊಂಡರು. 2024ರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರ ಷೆಂಗೆನ್ ಅರ್ಜಿಗಳು ತಿರಸ್ಕೃತವಾದವು. ಆ ವರ್ಷದ ಜೂನ್‌ನಿಂದ ಅರ್ಜಿಯೊಂದಕ್ಕೆ 90 ಯೂರೋ. ವಾಪಸ್ ಇಲ್ಲ. 'ಬರಬೇಡಿ' ಎನ್ನಿಸಿಕೊಳ್ಳಲಿಕ್ಕೂ ಶುಲ್ಕ.

ಹಡಗು ಗ್ರೀಸ್ ಬಿಟ್ಟು ಟರ್ಕಿಯ ಬಂದರಿಗೆ ಹೋಗಿ ಮತ್ತೆ ಗ್ರೀಸಿಗೇ ಬಂದರೆ ಒಂದೇ ಪ್ರವೇಶದ ವೀಸಾ ಸಾಲದು. ಇದು ಗೊತ್ತಾಗುವುದು ಯಾವಾಗ? ದುಡ್ಡು ಕಟ್ಟಿದ ಮೇಲೆ. ಹಡಗಿನವರ ಬಣ್ಣದ ಪುಸ್ತಕದ ಮೊದಲ ಪುಟದಲ್ಲಿ ನೀಲಿ ಕಡಲು, ಕೊನೆಯ ಪುಟದಲ್ಲಿ ಇರುವೆಯಂಥ ಅಕ್ಷರ.

ಈಗ ಹೋಟೆಲಿಗೆ ಬನ್ನಿ. ನಿವೃತ್ತ ಲೆಕ್ಚರರ್ ಒಬ್ಬರು ಮೂಲೆಯ ಮೇಜಿನಲ್ಲಿದ್ದಾರೆ. ಮುಂದೆ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ. ಎಡಗೈಯಲ್ಲಿ ತಮ್ಮ ಫೋನು. ತಟ್ಟೆಯ ಪಕ್ಕ ಹೆಂಡತಿಯ ಫೋನು. ಎರಡರಲ್ಲೂ ಅದೇ ವಿಮಾನ, ಅದೇ ದಿನ.

"ಇದ್ರಾಗ ಅರವತ್ತೆಂಟು ಸಾವಿರ ತೋರಿಸ್ತೈತಿ. ಅವಳ ಫೋನಿನಾಗ ಎಪ್ಪತ್ತೊಂದು. ಇದು ಹೆಂಗಪ?"

"ನೀವು ದಿನಾ ನೋಡ್ತೀರಿ ಅಂತ ಅದಕ್ಕ ಗೊತ್ತಾಗೇತ್ರಿ ಸರ್," ಎಂದ ಮೊಬೈಲ್ ಅಂಗಡಿಯ ಹುಡುಗ. "ಹಿಸ್ಟರಿ ಅಳಸ್ರಿ. ಮಂಗಳವಾರ ಮಧ್ಯರಾತ್ರಿ ನೋಡ್ರಿ. ಡೌನ್ ಆಗಿರ್ತೈತಿ."

ಎಣ್ಣೆ ಹತ್ತಿದ ಬೆರಳಿನಿಂದ ಮೇಷ್ಟ್ರು ಪರದೆ ಇನ್ನೊಮ್ಮೆ ಎಳೆದರು. ಎಪ್ಪತ್ನಾಲ್ಕು. ಬಜ್ಜಿ ಆರಿತು.

ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿ ನಿವೃತ್ತರಾದವರು ಇವರು. ಬೇಡಿಕೆ, ಪೂರೈಕೆಯ ರೇಖೆಗಳನ್ನು ಬೋರ್ಡಿನ ಮೇಲೆ ಎಳೆದೆಳೆದು ಸೀಮೆಸುಣ್ಣ ಸವೆಸಿದವರು. ಈಗ ಮಂಗಳವಾರಕ್ಕೆ ಕಾಯುತ್ತಿದ್ದಾರೆ.

ಈ ಮಂಗಳವಾರ ಅಮೆರಿಕದ ಹಳೇ ಸರಕು. ಅಲ್ಲಿನ ಕಂಪನಿಗಳು ವಾರದ ಆರಂಭದಲ್ಲಿ ರಿಯಾಯಿತಿ ದರ ಬಿಡುತ್ತಿದ್ದ ಕಾಲದ್ದು. ಈಗ ದರ ದಿನಕ್ಕೆ ಹಲವು ಸಲ ಮಗ್ಗುಲು ಬದಲಿಸುತ್ತದೆ. ಇಕಾನಮಿಯ ಸೀಟುಗಳನ್ನೇ ಹಲವು ದರ್ಜೆ ಮಾಡಿ, ಒಂದೊಂದಕ್ಕೆ ಒಂದು ಇಂಗ್ಲಿಷ್ ಅಕ್ಷರ ಹಚ್ಚಿರುತ್ತಾರೆ. ಅಗ್ಗದ ಅಕ್ಷರ ಮುಗಿದರೆ ಮುಂದಿನ ಅಕ್ಷರ. ಸೀಟು ಅದೇ. ಮುಂದಿನ ಸೀಟಿಗೆ ತಾಗುವ ಮೊಣಕಾಲೂ ಅದೇ. ಎಷ್ಟು ಕೊಟ್ಟೆ ಎಂದು ಪಕ್ಕದವನನ್ನು ಕೇಳಿದರೆ ಮಾತ್ರ ಹದಿನಾಲ್ಕು ತಾಸು ನಿದ್ದೆ ಬರುವುದಿಲ್ಲ.

ನಮ್ಮ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಕಾರ್ಣಿಕ ಆಗುತ್ತದೆ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರುತ್ತಾನೆ. 'ಸದ್ದಲೇ' ಎನ್ನುತ್ತಾನೆ. ಲಕ್ಷಾಂತರ ಜನ ಉಸಿರು ಹಿಡಿಯುತ್ತಾರೆ. ಒಂದೇ ಸಾಲು ನುಡಿದು ಕೆಳಕ್ಕೆ ಬೀಳುತ್ತಾನೆ. ಆ ಸಾಲಿಗೆ ಮಳೆ, ಬೆಳೆ, ಸರ್ಕಾರ ಎಲ್ಲದರ ಅರ್ಥ ಹಚ್ಚಿಕೊಂಡು ನಾವು ಮನೆಗೆ ಬರುತ್ತೇವೆ.

ಇದನ್ನು ಮೂಢನಂಬಿಕೆ ಎಂದು ನಗುವ ಸುಶಿಕ್ಷಿತರು ಯೂಟ್ಯೂಬಿನ ಪ್ರವಾಸ ಪಂಡಿತನ ಮುಂದೆ ಕೈಕಟ್ಟಿ ಕೂರುತ್ತಾರೆ. ಒಬ್ಬ ಎಂಟು ತಿಂಗಳು ಮುಂಚೆ ಕೊಳ್ಳಿ ಎನ್ನುತ್ತಾನೆ. ಇನ್ನೊಬ್ಬ ಮೂರು ತಿಂಗಳು. ಮತ್ತೊಬ್ಬ ಕೊನೇ ಗಳಿಗೆ. ಮೂವರೂ ಕೆಳಗೊಂದು ಲಿಂಕ್ ಕೊಟ್ಟಿರುತ್ತಾರೆ. ಅದನ್ನು ಒತ್ತಿ ಕೊಂಡರೆ ಅವರಿಗೆ ಕಮಿಷನ್. ಗೊರವಯ್ಯ ದಿನಗಟ್ಟಲೆ ಉಪವಾಸವಿದ್ದು ವರ್ಷಕ್ಕೊಂದೇ ಸಲ ನುಡಿಯುತ್ತಾನೆ. ಕಮಿಷನ್ ಕೇಳುವುದಿಲ್ಲ. ನುಡಿದ ಮೇಲೆ ಬೀಳುವವನೂ ಅವನೇ. ಇಲ್ಲಿ ನುಡಿಯುವವರು ಅವರು, ಬೀಳುವವರು ನಾವು.

ನನ್ನ ಸಿಟ್ಟು ಟಿಕೆಟ್ಟಿನ ದರದ ಮೇಲಲ್ಲ. ಅದಕ್ಕೆ ನಾವು ಹಾಕುವ ಹಾರದ ಮೇಲೆ.

2025ರ ಜನವರಿಯಲ್ಲಿ ಸರ್ಕಾರಿ ಬಸ್ಸಿನ ದರ ಶೇ 15ರಷ್ಟು ಏರಿತು. ಇದೇ ಹೋಟೆಲು, ಇದೇ ಮಹನೀಯರು. 'ಹಗಲು ದರೋಡೆ' ಎಂದರು. ಹಬ್ಬಕ್ಕೆ ಖಾಸಗಿ ಬಸ್ಸಿನವನು ಎರಡು ಪಟ್ಟು ಕೇಳಿದರೆ ಸುಲಿಗೆ; ಸಾರಿಗೆ ಸಚಿವರು ಪರ್ಮಿಟ್ ರದ್ದು ಮಾಡುತ್ತೇವೆಂದು ಗುಡುಗುತ್ತಾರೆ. ಐದು ರೂಪಾಯಿ ಚಿಲ್ಲರೆ ಕೊಡದ ಕಂಡಕ್ಟರನ ಕೊರಳಪಟ್ಟಿಗೆ ಕೈ ಹೋಗುತ್ತದೆ. ಮಂಡಕ್ಕಿ ಮುಗಿಯುವುದರೊಳಗೆ ಆರು ಸಾವಿರ ಏರಿಸಿದವನಿಗೆ? ಅದು 'ಡೈನಾಮಿಕ್ ಪ್ರೈಸಿಂಗ್' ಅಲ್ಲವೇ ಸರ್! ಅದಕ್ಕೆ ಗೌರವ ಕೊಡಬೇಕು. ಅದರ ಮನಸ್ಸು ಅರಿಯಬೇಕು. ಅರಿಯದಿದ್ದರೆ ತಪ್ಪು ನಮ್ಮದು, 'ನಾವು ಲೇಟ್ ಮಾಡಿದ್ವಿ' ಎಂದು ಗಂಡ-ಹೆಂಡತಿ ಒಬ್ಬರನ್ನೊಬ್ಬರು ಬೈಯಬೇಕು.

ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು. ಕೂಲಿಗೆ ಹೋಗುವ ಹೆಣ್ಣುಮಗಳು ಕೊಟ್ಟೂರಿನ ತನಕ ಪುಕ್ಕಟೆ ಹೋದರೆ ರಾಜ್ಯ ದಿವಾಳಿಯಾಗುತ್ತದೆಂದು ಇವರಿಗೆ ಭಯ. 'ಬಿಟ್ಟಿ ಭಾಗ್ಯ' ಎಂಬ ಮಾತು ನಾಲಗೆಯ ಮೇಲೆ ಒಣಗುವುದಿಲ್ಲ. ತಾವು ಮಾತ್ರ ಬಿಟ್ಟಿ ಲಗೇಜು, ಬಿಟ್ಟಿ ವೈಫೈ, ಬಿಟ್ಟಿ ಲೌಂಜ್ ಕೊಡುವ ಕ್ರೆಡಿಟ್ ಕಾರ್ಡ್ ಹುಡುಕುತ್ತಾರೆ. ಹಡಗಿನಲ್ಲಿ ಊಟ ಫ್ರೀ ಎಂದು ಊರಿಗೆಲ್ಲ ಹೇಳುತ್ತಾರೆ. ಫ್ರೀ ಅಲ್ಲ ಸ್ವಾಮಿ. ಆ ಅನ್ನಕ್ಕೆ ಒಂದೂವರೆ ವರ್ಷದ ಹಿಂದೆಯೇ ಮುಂಗಡ ಎಣಿಸಿದ್ದೀರಿ.

ಮುಂಚೆ ಕೊಂಡವನೇ ಜಾಣ ಎಂಬ ಪಾಠವನ್ನು ಈ ದೇಶಕ್ಕೆ ಕಲಿಸಿದವರಲ್ಲಿ ನಮ್ಮವರೇ ಮೊದಲಿಗರು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು. ಒಂದು ರೂಪಾಯಿಗೂ ಟಿಕೆಟ್ ಕೊಟ್ಟರು. ವಿಮಾನದ ಮುಖ ಕಾಣದವರು ಹತ್ತಿ ಕುಳಿತರು. ಅಷ್ಟು ಪುಣ್ಯ ಅವರಿಗಿದೆ. ಡೆಕ್ಕನ್ನನ್ನು ಕಿಂಗ್‌ಫಿಷರ್ ನುಂಗಿತು. ಕಿಂಗ್‌ಫಿಷರ್ 2012ರಲ್ಲಿ ನೆಲ ಹಿಡಿಯಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ಕ್ಕೆ ನಿಂತಿತು. ಗೋ ಫಸ್ಟ್ 2023ರ ಮೇ ತಿಂಗಳಲ್ಲಿ. ಪ್ರತಿ ಸಲವೂ ಪೆಟ್ಟು ತಿಂದವರು ಯಾರು? ಎಲ್ಲರಿಗಿಂತ ಮುಂಚೆ, ಜಾಣತನದಿಂದ ಬುಕ್ ಮಾಡಿದವರು. ಟಿಕೆಟ್ ಕೊಂಡಿದ್ದೇವೆ ಅಂದುಕೊಂಡಿದ್ದರು. ಕಂಪನಿಗೆ ಸಾಲ ಕೊಟ್ಟಿದ್ದರು.

ದೂರದ ವಿಮಾನವನ್ನು ಸರಿಯಾದ ದಿನಕ್ಕೆ ಹಿಡಿದವರು ನನಗೆ ಗೊತ್ತಿದ್ದಂತೆ ಒಬ್ಬರೇ. ಕಿಂಗ್‌ಫಿಷರಿನ ಒಡೆಯ, ಕರ್ನಾಟಕದಿಂದ ಎರಡು ಸಲ ರಾಜ್ಯಸಭೆಗೆ ಹೋದ ವಿಜಯ್ ಮಲ್ಯ. 2016ರ ಮಾರ್ಚ್ 2, ದೆಹಲಿಯಿಂದ ಲಂಡನ್. ಸಾಲ ಕೊಟ್ಟ ಬ್ಯಾಂಕುಗಳು ಸುಪ್ರೀಂ ಕೋರ್ಟಿಗೆ ಓಡಿದ್ದು ಆಮೇಲೆ. ಸ್ವಂತ ಕಂಪನಿ ಮುಚ್ಚಿತ್ತಲ್ಲ, ಹತ್ತಿದ್ದು ಜೆಟ್ ಏರ್‌ವೇಸ್. ವಾಪಸ್ ಟಿಕೆಟ್ಟಿಗೆ ಅವರೂ ದರ ಇಳಿಯಲೆಂದು ಕಾಯುತ್ತಿರಬೇಕು.

ಹಾಗಾದರೆ ತಡವಾಗಿ ಕೊಳ್ಳೋಣವೇ? ಕೊಳ್ಳಿ. ಕ್ರೂಸಿಗೆ ದುಡ್ಡು ಕಟ್ಟಿದವನು ಗೂಟಕ್ಕೆ ಕಟ್ಟಿದ ಗಿರಾಕಿ. ಬೇರೆ ಪ್ರವಾಸಿ ಇವತ್ತಲ್ಲದಿದ್ದರೆ ನಾಳೆ ಹೋದಾನು. ಇವನಿಗೆ ನಾಳೆ ಇಲ್ಲ. ಹಡಗು ಕಾಯುವುದಿಲ್ಲ, ತಪ್ಪಿದರೆ ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ಓಡಬೇಕು, ಕಟ್ಟಿದ್ದು ಹೋಯಿತು. ಯುರೋಪಿನ ಬೇಸಿಗೆ, ನಮ್ಮ ಶಾಲೆಗಳ ರಜೆ ಎರಡೂ ಕೂಡಿದರೆ ಕೊನೇ ಗಳಿಗೆಯ ಅಗ್ಗದ ಸೀಟು ಕನಸಿನಲ್ಲಿ ಮಾತ್ರ.

ನಡುವೆ ದೇಶಗಳ ಜಗಳ ಬೇರೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ನಮ್ಮ ವಿಮಾನಗಳಿಗೆ ಆಕಾಶ ಮುಚ್ಚಿತು. ಪಶ್ಚಿಮಕ್ಕೆ ಹೋಗುವ ಹಾರಾಟಗಳು ಸುತ್ತಿ ಬಳಸಿ ಹೋಗತೊಡಗಿದವು. ಹನ್ನೊಂದು ತಿಂಗಳು ಮುಂಚೆ ತಾಸು-ನಿಮಿಷ ಲೆಕ್ಕ ಹಾಕಿ ಕೊಂಡಿದ್ದ ಜಾಣರ ಕನೆಕ್ಷನ್ ಏನಾಗಿರಬೇಡ!

2025ರ ಡಿಸೆಂಬರಿನಲ್ಲಿ ಇಂಡಿಗೋ ವಿಮಾನಗಳು ಸಾವಿರಗಟ್ಟಲೆ ರದ್ದಾದವು. ಹುಬ್ಬಳ್ಳಿಯಲ್ಲಿ ಆರತಕ್ಷತೆ, ವಧೂವರರು ಭುವನೇಶ್ವರದಲ್ಲಿ. ಪರದೆಯ ಮೇಲೆ ಮುಖ ತೋರಿಸಿ ಆಶೀರ್ವಾದ ಪಡೆದರು. ಉಳಿದ ಕಂಪನಿಗಳು ದರವನ್ನು ಎತ್ತೆತ್ತಿ ಹಾಕಿದವು. ಆಗ ಕೇಂದ್ರ ಸರ್ಕಾರಕ್ಕೆ ಎಚ್ಚರವಾಗಿ ಮಿತಿ ಹಾಕಿತು: 500 ಕಿಲೋಮೀಟರ್ ತನಕ 7,500 ರೂಪಾಯಿ, 1,500 ದಾಟಿದರೆ 18,000.

ಅಂದರೆ ಮಿತಿ ಹಾಕಲು ಬರುತ್ತದೆ ಎಂದಾಯಿತು. 1994ರಲ್ಲಿ ಏರ್ ಕಾರ್ಪೊರೇಷನ್ಸ್ ಕಾಯ್ದೆ ರದ್ದಾದಂದಿನಿಂದ ಕೇಳಿದಾಗ ಸಾಮಾನ್ಯವಾಗಿ ಒಂದೇ ಉತ್ತರ: ಮುಕ್ತ ಮಾರುಕಟ್ಟೆ, ನಾವು ಕೈ ಹಾಕುವುದಿಲ್ಲ. ಟಿವಿಯಲ್ಲಿ ಸೂಟ್‌ಕೇಸುಗಳ ಗುಡ್ಡ ಕಂಡ ಮೇಲೆ ಕೈ ತಾನಾಗಿಯೇ ಉದ್ದವಾಯಿತು. ಗುಡ್ಡ ಕರಗಿದ ಮೇಲೆ ಮತ್ತೆ ಮೋಟಾಗುತ್ತದೆ.

ಇಷ್ಟೆಲ್ಲ ಗೆದ್ದು ಟಿಕೆಟ್ ಕೊಂಡಿರೆನ್ನಿ. ಅದು ಬೆಂಗಳೂರಿನಿಂದ. ಕೂಡ್ಲಿಗಿಯಿಂದ ದೇವನಹಳ್ಳಿಯ ನಿಲ್ದಾಣಕ್ಕೆ 250 ಕಿಲೋಮೀಟರಿಗೂ ಹೆಚ್ಚು. ಹತ್ತಿರದಲ್ಲಿ ಏನೂ ಇಲ್ಲವೇ? ಇದೆ. ತೋರಣಗಲ್ಲಿನ ಪಕ್ಕ ವಿದ್ಯಾನಗರದಲ್ಲಿ ಜಿಂದಾಲರ ನಿಲ್ದಾಣವಿದೆ. ಹವಾಯಿ ಚಪ್ಪಲಿ ಹಾಕಿದವರೂ ವಿಮಾನ ಹತ್ತಬೇಕೆಂದು ಪ್ರಧಾನಿ 2017ರಲ್ಲಿ ಹೇಳಿದರು. ಆ ವರ್ಷವೇ ಉಡಾನ್ ಯೋಜನೆಯಡಿ ಅಲ್ಲಿಗೆ ಟ್ರೂಜೆಟ್ ಬಂತು. 2022ರಲ್ಲಿ ಟ್ರೂಜೆಟ್ ಕಂಪನಿಯೇ ಹಾರಿಹೋಯಿತು. ಚಪ್ಪಲಿ ಇಲ್ಲೇ ಉಳಿಯಿತು. ಬಳ್ಳಾರಿಯ ಚಾಗನೂರು, ಸಿರಿವಾರದಲ್ಲಿ ನಿಲ್ದಾಣಕ್ಕೆಂದು ರೈತರ ಭೂಮಿ ಹಿಡಿದು ಒಂದು ದಶಕದ ಮೇಲಾಯಿತು. ಅಲ್ಲಿ ಇಳಿಯುವುದು ಇನ್ನೂ ಕೊಕ್ಕರೆಯೇ.

ಇನ್ನು ತೆರಿಗೆ. 2023ರ ಅಕ್ಟೋಬರಿನಿಂದ ವಿದೇಶ ಪ್ರವಾಸದ ಪ್ಯಾಕೇಜು ಏಳು ಲಕ್ಷ ದಾಟಿದರೆ ಮೇಲಿನದಕ್ಕೆ ಶೇ 20 ಮೊದಲೇ ಹಿಡಿಯುತ್ತೇವೆ ಎಂದರು. 2025ರಲ್ಲಿ ಮಿತಿಯನ್ನು ಹತ್ತು ಲಕ್ಷಕ್ಕೇರಿಸಿದರು. ಆ ಲೆಕ್ಕವೂ ಈಗ ಬದಲಾಗಿದೆ. ಹಿಡಿದ ಹಣ ರಿಟರ್ನ್ ಹಾಕಿದರೆ ವಾಪಸ್ ಬರುತ್ತದಂತೆ. ನೀವು ಸಮುದ್ರ ಸುತ್ತಿ ಬಂದ ಎಷ್ಟೋ ತಿಂಗಳ ಮೇಲೆ.

ಇದೇ ಬಸ್ ಸ್ಟ್ಯಾಂಡಿನಲ್ಲಿ, ಇದೇ ಹೋಟೆಲಿನ ಎದುರು ಇನ್ನೊಂದು ಗುಂಪು ಬಸ್ಸಿಗೆ ಕಾಯುತ್ತಿರುತ್ತದೆ. ಚೀಲ, ಪಾತ್ರೆ, ಕಂಕುಳಲ್ಲಿ ಕೂಸು. ಗುಳೆ ಹೊರಟವರು. ಕಾಫಿ ತೋಟಕ್ಕೆ, ಕಬ್ಬಿನ ಗದ್ದೆಗೆ, ಬೆಂಗಳೂರಿನ ಕಟ್ಟಡಕ್ಕೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಇವರಿಗೆ ಯಾವಾಗ ಹೊರಡಬೇಕೆಂದು ಆಪ್ ಹೇಳುವುದಿಲ್ಲ. ಮೇಸ್ತ್ರಿ ಮುಂಗಡ ಕೊಟ್ಟು ದಿನ ಹೇಳುತ್ತಾನೆ. ಮೇಷ್ಟ್ರು ಮುಂಗಡ ಕೊಟ್ಟು ಸಿಕ್ಕಿಬಿದ್ದರು, ಇವರು ಮುಂಗಡ ಇಸಕೊಂಡು ಸಿಕ್ಕಿಬಿದ್ದರು. ಒಳಗೆ ಕೂತವರಿಗೆ ಹೊರಗಿನವರು ಕಾಣುವುದಿಲ್ಲ. ಫೋನ್ ಅಡ್ಡ ಇದೆ.

ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ದುಡಿದ ದುಡ್ಡು, ಹೋಗಿ ಬನ್ನಿ. ಹಡಗಿನ ಕೋಣೆ ಹಿಡಿದ ಮೇಲೆ ವೀಸಾದ ನಿಯಮ ಓದುವ ಬದಲು, ಓದಿದ ಮೇಲೆ ಕೋಣೆ ಹಿಡಿಯಿರಿ. ನಿಮ್ಮ ಜೇಬಿಗೆ ಒಗ್ಗುವ ದರ ಕಂಡ ದಿನ, ದಿನಾಂಕ ಬದಲಿಸಲು ಬರುವ ಟಿಕೆಟ್ ಕೊಳ್ಳಿ. ಹಡಗು ಬಿಡುವ ಹಿಂದಿನ ದಿನವೇ ಆ ಊರು ಸೇರಿಕೊಳ್ಳಿ. ಹಡಗಿನವರ ಮೂಲಕವೇ ವಿಮಾನ ಹಿಡಿದರೆ ತಡವಾದಾಗ ನಿಮ್ಮನ್ನು ಹಡಗಿಗೆ ಸೇರಿಸುವ ತಲೆಬಿಸಿ ಅವರದು. ಆದರೆ ಯಾವ ವಿಮಾನ, ಎಷ್ಟು ತಾಸು ಎಲ್ಲಿ ಕೊಳೆಯಬೇಕು ಎಂಬುದೂ ಸಾಮಾನ್ಯವಾಗಿ ಅವರದೇ ಇಷ್ಟ.

ಕೊಂಡ ಮೇಲೆ ದರ ನೋಡಬೇಡಿ. ನೋಡಿದರೂ ಹೋಟೆಲಿಗೆ ಬಂದು ಹೇಳಬೇಡಿ. ನಮ್ಮನ್ನು ನೆಮ್ಮದಿಯಾಗಿ ಮಂಡಕ್ಕಿ ತಿನ್ನಲು ಬಿಡಿ.