ಎತ್ತಿಕೊಂಡವನ ಪಾಡು

ಬೀದಿಯಲ್ಲಿ ಸಿಕ್ಕಿದ್ದು ಹತ್ತು ರೂಪಾಯಿ ನೋಟಾದರೆ ಗಣಪನ ಹುಂಡಿಗೆ ಹಾಕಿ ಪುಣ್ಯ ಕಟ್ಟಿಕೊಳ್ಳಬಹುದು. ಒಡೆದ ಮೊಬೈಲನ್ನು ಯಾವ ದೇವರೂ ಒಲ್ಲ. ಗಾಂಧಿ ಬಜಾರಿನ ಹೂವಿನಂಗಡಿ ಮುಂದೆ ನನಗೆ ಸಿಕ್ಕಿದ್ದರ ಗಾಜು, ಚಕ್ರದಡಿ ಸಿಕ್ಕ ಹಪ್ಪಳದ ಹಾಗಿತ್ತು. ಎತ್ತಿಕೊಂಡ ಕ್ಷಣದಿಂದ ಹೂವಿನವಳು ನನ್ನನ್ನು ನೋಡುವ ನೋಟವೇ ಬದಲಾಯಿತು.

ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದರೆ 15 ಅಂಕಿಯ ಐಎಂಇಐ ಬರುತ್ತದೆ, ಕಳೆದುಕೊಂಡವರು ಅದನ್ನು ಕೊಟ್ಟು ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನ್ ಬ್ಲಾಕ್ ಮಾಡಿಸಬಹುದು ಎಂಬಷ್ಟು ಜ್ಞಾನ ನನಗಿದೆ. ಒತ್ತುವುದೆಲ್ಲಿ? ಬೆರಳಿಟ್ಟರೆ ರಕ್ತ ಬರುತ್ತದೆ, ನಂಬರ್ ಬರುವುದಿಲ್ಲ. ಸಿಮ್ ತೆಗೆಯೋಣವೆಂದರೆ ಪಿನ್ನಿಲ್ಲ. ಹೆಂಡತಿಯ ಓಲೆ ಕೇಳಿದೆ. ಆಮೇಲಿನ ಸಂಭಾಷಣೆ ಇಲ್ಲಿ ಬೇಡ.

ಊಟಕ್ಕೆ ಕೂತಾಗ ಪುಣ್ಯಾತ್ಮ ಫೋನು ಬಾಯಿಬಿಟ್ಟಿತು. ಬಿರುಕುಗಳ ನಡುವೆ ‘ಅಮ್ಮ’ ಎಂಬ ಹೆಸರು. ಹಸಿರು ಗುಂಡಿಯನ್ನು ಮೇಲಕ್ಕೆಳೆದೆ, ಪಕ್ಕಕ್ಕೆಳೆದೆ, ಕೊನೆಗೆ ಕೈಮುಗಿದೆ. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಆ ತಾಯಿಯೋ, ಎಲ್ಲ ತಾಯಂದಿರಂತೆ, ಬಿಡುವವಳಲ್ಲ. ‘ಬಂದೆ ಅಮ್ಮಾ, ಊಟ ಆಯ್ತು’ ಎಂದು ನಾನೂ ಪರದೆಗೆ ಹೇಳುತ್ತಾ ಕೂತೆ.

ಬ್ಯಾಟರಿ ಬೇರೆ ಉಬ್ಬಿತ್ತು. ಲಿಥಿಯಂ, ಚುಚ್ಚಿದರೆ ಹೊತ್ತಿಕೊಳ್ಳುತ್ತದೆ. ಹಸಿ ಕಸಕ್ಕೂ ಸಲ್ಲದು, ಒಣ ಕಸಕ್ಕೂ ಸಲ್ಲದು. ಸರಿ, ಪೊಲೀಸ್ ಠಾಣೆಯೇ ಗತಿ.

‘ಇದನ್ನು ಒಡೆದಿದ್ದು ಯಾರು?’ ಪೇದೆಯ ಮೊದಲ ಪ್ರಶ್ನೆ. ನನ್ನ ಮುಖ ಅಪರಾಧಿಯದಾಗುವಷ್ಟರಲ್ಲಿ ಮತ್ತೆ ರಿಂಗಾಯಿತು. ಅವರು ಜೇಬಿನಿಂದ ಇಯರ್‌ಫೋನ್ ತೆಗೆದು ಫೋನಿಗೆ ಸಿಕ್ಕಿಸಿ, ತಂತಿಯ ಗುಂಡಿ ಒತ್ತಿದರು. ‘ಹಲೋ’ ಅನ್ನುವ ಮೊದಲೇ ಠಾಣೆಗೆಲ್ಲ ಕೇಳಿಸುವಂತೆ ಧ್ವನಿ: ‘ಎತ್ತೋಕೆ ಎಷ್ಟು ಹೊತ್ತೋ? ಮೊಸರು ತಂದ್ಯಾ?’