ಬರಗಾಲಕ್ಕೆ ಟಿಕೆಟ್ ತೆಗೆಸಿದ ದಂಪತಿಗೆ

ಚಿ. ತಮ್ಮನಿಗೂ ಚಿ. ಸೌ. ಸೊಸೆಗೂ ಲಕ್ಕಲಕಟ್ಟಿಯಿಂದ ನಿಮ್ಮ ಕಾಕಾ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ. ಅತ್ತ ನಿಮ್ಮ ಕ್ಷೇಮ ತಿಳಿಸಿರಿ ಎಂದು ಕೇಳುವ ಪ್ರಸಂಗವೇ ಬರಲಿಲ್ಲ. ನೀವು ಎಲ್ಲಿ ಉಂಡಿರಿ, ಎಲ್ಲಿ ಮಲಗಿದಿರಿ, ಯಾವ ಬಂಡೆಯ ಮೇಲೆ ಕೈ ಚಾಚಿ ನಿಂತಿರಿ ಎಂಬುದೆಲ್ಲ ಮನೆತನದ ವಾಟ್ಸಾಪ್ ಗುಂಪಿಗೆ ತಾಸಿಗೊಮ್ಮೆ ಬಂದು ಬೀಳುತ್ತಿತ್ತು. ಪ್ರವಾಸವೇ ಬಹಿರಂಗವಾಗಿ ನಡೆದ ಮೇಲೆ ಉತ್ತರವನ್ನು ಲಕೋಟೆಯಲ್ಲಿ ಮುಚ್ಚಿ ಕಳಿಸುವುದು ಮರ್ಯಾದೆಯಲ್ಲ. ಅದಕ್ಕೇ ಈ ಬಹಿರಂಗ ಪತ್ರ.

ಮೊದಲು ನಿಮ್ಮ ಧೈರ್ಯಕ್ಕೆ ಶಾಬಾಸ್ ಎನ್ನಬೇಕು. ಲಾಸ್ ವೇಗಸ್‌ನಲ್ಲಿ ಬಾಡಿಗೆ ಕಾರು ಹಿಡಿದು, ಒಳಗೆ ಎಸಿ ಹಚ್ಚಿ, ಡಿಕ್ಕಿಯಲ್ಲಿ ನೀರಿನ ಬಾಟಲಿಗಳ ಪೆಟ್ಟಿಗೆ ಇಟ್ಟುಕೊಂಡು ನೀವು ಬಾಯಾರಿಕೆಯನ್ನು ಕಣ್ಣಾರೆ ಕಂಡು ಬಂದಿರಿ. ಸೊಸೆ ಸ್ಟೇರಿಂಗ್ ಹಿಡಿದಿದ್ದಕ್ಕೆ, ತಮ್ಮ ಬಾಯಿ ಮುಚ್ಚಿಕೊಂಡು ನಕಾಶೆ ನೋಡಿದ್ದಕ್ಕೆ ನಿಮ್ಮ ಕಾಕಿಗೆ ಬಹಳ ಸಂತೋಷವಾಯಿತು. ಅವಳು ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಗಳು ಡೆತ್ ವ್ಯಾಲಿಯವರೆಗೆ ಬಾಳಿಕೆ ಬಂದವು ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಡೆತ್ ವ್ಯಾಲಿಯ ಫೋಟೋ ನಮ್ಮಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. ಅಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ಬಿಸಿಲು ದಾಖಲಾಗಿದೆಯಂತೆ. ಉಷ್ಣತೆ ತೋರಿಸುವ ಫಲಕದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಜನ ಪಾಳಿ ಹಚ್ಚುತ್ತಾರಂತೆ. ಬಿರಿದ ನೆಲದ ಮೇಲೆ ನೀವಿಬ್ಬರು ನಗುತ್ತ ಕುಳಿತದ್ದನ್ನು ಕಾಕಿ ಕನ್ನಡಕ ಏರಿಸಿ ನೋಡಿದಳು. "ಇಷ್ಟು ರೊಕ್ಕ ಕೊಟ್ಟು ನಮ್ಮ ಹೊಲಾ ನೋಡಾಕ ಅಷ್ಟು ದೂರ ಯಾಕ ಹೋದ್ರು?" ಎಂದು ಕೇಳಿದಳು. ಗುಂಪಿನಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಕಾಕಿಯ ಮಾತು ಪೂರ್ತಿ ಸರಿಯಲ್ಲ, ಅದನ್ನು ನಾನೇ ತಿದ್ದುತ್ತೇನೆ. ಡೆತ್ ವ್ಯಾಲಿಗೆ ವರ್ಷಕ್ಕೆ ಬೀಳುವ ಮಳೆ ಐವತ್ತು ಮಿಲಿಮೀಟರ್ ಆಸುಪಾಸು. ನಮ್ಮ ಗದಗ ಜಿಲ್ಲೆಯ ಸರಾಸರಿ ಆರುನೂರರ ಹತ್ತಿರ. ಹೀಗಾಗಿ ನಾವು ಮರಳುಗಾಡು ಎಂದು ಹೇಳಿಕೊಳ್ಳುವಂತಿಲ್ಲ, ಗೇಟು ಹಾಕಿ ಟಿಕೆಟ್ ಹರಿಯುವಂತಿಲ್ಲ. ನಮ್ಮದು ಹೆಸರು ಬಿತ್ತುವಾಗ ಬಾರದೆ, ಕಾಯಿ ಬಿಡಿಸುವಾಗ ಸುರಿಯುವ ಮಳೆ. ಅಂಥ ಬರವನ್ನು ಫೋಟೋದಲ್ಲಿ ಹಿಡಿಯಲು ಬರುವುದಿಲ್ಲ, ಸೊಸೈಟಿಯ ಸಾಲದ ಪುಸ್ತಕದಲ್ಲಷ್ಟೇ ಕಾಣುತ್ತದೆ. ರಾಜಸ್ಥಾನ ಬಿಟ್ಟರೆ ದೇಶದಲ್ಲಿ ಬರದ ನೆಲ ಹೆಚ್ಚಿರುವುದು ಕರ್ನಾಟಕದಲ್ಲೇ ಎಂದು ಬರಗಾಲ ಬಂದಾಗೊಮ್ಮೆ ಓದುತ್ತೇವೆ. ಆದರೆ ರಾಜಸ್ಥಾನಕ್ಕೆ ಒಂಟೆ ಇದೆ, ಜೈಸಲ್ಮೇರ್ ಇದೆ, ಡೇರೆಯಲ್ಲಿ ಮಲಗುವ ಪ್ರವಾಸಿಗರಿದ್ದಾರೆ. ನಮಗಿರುವುದು ಬರ ಅಧ್ಯಯನ ತಂಡ. ಅವರೂ ಕಾರಿನಲ್ಲಿ ಬರುತ್ತಾರೆ, ಒಣಗಿದ ಬೆಳೆ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ, ಹೊತ್ತು ಮುಳುಗುವುದರೊಳಗೆ ಹೋಗುತ್ತಾರೆ. ಪ್ರವೇಶ ಶುಲ್ಕವೊಂದನ್ನು ಮಾತ್ರ ಕೊಡುವುದಿಲ್ಲ.

ಇನ್ನು ಗ್ರ್ಯಾಂಡ್ ಕ್ಯಾನ್ಯನ್. ಕಾರೊಂದಕ್ಕೆ 35 ಡಾಲರ್ ತೆತ್ತು ಅಂಚಿಗೆ ನಿಂತಿರಿ. 446 ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರಿಗೂ ಮಿಕ್ಕಿದ ಆಳ ಎಂದು ತಮ್ಮ ಬರೆದಿದ್ದ. ಅದರೊಳಗಿನ ಶಿಖರಗಳ ಹೆಸರು ಓದಿ ನಾನು ಕುರ್ಚಿಯಿಂದ ಎದ್ದೆ: ವಿಷ್ಣು ಟೆಂಪಲ್, ಬ್ರಹ್ಮ ಟೆಂಪಲ್, ಶಿವ ಟೆಂಪಲ್. ಸೊಸೆ ಕೈ ಮುಗಿದಿರುವ ಫೋಟೋ ಕೂಡ ಇತ್ತು. ಯವ್ವಾ, ಅಲ್ಲಿ ಗುಡಿಯೂ ಇಲ್ಲ, ಪೂಜಾರಿಯೂ ಇಲ್ಲ. 1880ರ ಹೊತ್ತಿಗೆ ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿ ಬಂಡೆಗಳ ಗಾಂಭೀರ್ಯಕ್ಕೆ ತಲೆದೂಗಿ ಇಂಥ ಹೆಸರಿಡುವ ರೂಢಿ ಹಾಕಿದ. ಅದಕ್ಕೆ ಕೆಲವೇ ವರ್ಷ ಮೊದಲು ರಾಬರ್ಟ್ ಬ್ರೂಸ್ ಫೂಟ್ ಎಂಬ ಇನ್ನೊಬ್ಬ ಭೂವಿಜ್ಞಾನಿ ನಮ್ಮ ಈ ಸೀಮೆಯನ್ನೆಲ್ಲ ಸುತ್ತಿ, 1876ರಲ್ಲಿ ಇಲ್ಲಿಯ ಕಲ್ಲುಗಳ ಮೇಲೆ ದೊಡ್ಡ ವರದಿಯನ್ನೇ ಪ್ರಕಟಿಸಿದ. ಕಲಾದಗಿ, ಬಾದಾಮಿ ಎಂಬ ಹೆಸರುಗಳು ಭೂವಿಜ್ಞಾನದ ಪುಸ್ತಕಗಳಲ್ಲಿ ಇಂದಿಗೂ ಶಿಲಾಸ್ತರಗಳ ಹೆಸರಾಗಿಯೇ ಇವೆ. ಡಟನ್ ಕಲ್ಲಿನಲ್ಲಿ ಗುಡಿಯನ್ನು ಕಲ್ಪಿಸಿಕೊಂಡ. ನಮ್ಮ ಮಂಗಳೇಶ ಕ್ರಿ.ಶ. 578ರಲ್ಲಿ ಬಾದಾಮಿಯ ಕೆಂಪು ಕಲ್ಲಿನಲ್ಲಿ ನಿಜವಾಗಿಯೇ ವಿಷ್ಣುವಿನ ಗುಡಿ ಕೊರೆಸಿದ. ಅಲ್ಲಿಗೆ ನೀವು ಶಾಲೆಯ ಸಹಲಿನಲ್ಲಿ ಹೋಗಿ ಮಂಗಗಳ ಫೋಟೋ ತೆಗೆದುಕೊಂಡು ಬಂದಿದ್ದಿರಿ. ಇರಲಿ, ಕಲ್ಲಿನ ವಿಷಯದಲ್ಲಿ ನನಗೆ ತಕರಾರಿಲ್ಲ. ಯಾವ ಊರಿನದಾದರೂ ಕಲ್ಲು ಚಂದವೇ. ನನ್ನ ತಕರಾರು ನೀರಿನ ವಿಷಯದಲ್ಲಿ.

ಪೇಜ್ ಎಂಬ ಊರಿನ ಪಕ್ಕದ ಪೊವೆಲ್ ಸರೋವರದಿಂದ ನೀವು ಕಳಿಸಿದ ಚಿತ್ರದಲ್ಲಿ ಕೆಂಪು ಬಂಡೆಯ ಕೆಳಗೆ ಉದ್ದಕ್ಕೂ ಬಿಳಿ ಪಟ್ಟಿ ಇತ್ತು. "ಪ್ರಕೃತಿಯೇ ಬಳಿದ ಸುಣ್ಣ" ಎಂದು ಸೊಸೆ ಬರೆದಿದ್ದಳು. ಸುಣ್ಣ ಎಂಬುದೇನೋ ಹೌದು, ನೀರಿನಲ್ಲಿದ್ದ ಸುಣ್ಣದ ಅಂಶವೇ ನೀರು ಇಳಿದ ಮೇಲೆ ಬಂಡೆಗೆ ಅಂಟಿ ಉಳಿದದ್ದು. ಆದರೆ ಬಳಿದದ್ದು ಪ್ರಕೃತಿಯಲ್ಲ, ಒಂದು ಕರಾರುಪತ್ರ. ಅಲ್ಲಿಯ ಏಳು ರಾಜ್ಯಗಳು 1922ರಲ್ಲಿ ಕೂತು, ಈ ಸರೋವರವನ್ನು ತುಂಬುವ ಕೊಲೊರಾಡೊ ನದಿಯನ್ನು ಕಾಗದದ ಮೇಲೆ ಹಂಚಿಕೊಂಡವು. ಮಳೆ ಚೆನ್ನಾಗಿದ್ದ ವರ್ಷಗಳ ಲೆಕ್ಕ ಹಿಡಿದು, ನಮ್ಮ ಭಾಷೆಯಲ್ಲಿ ಹೇಳುವುದಾದರೆ ವರ್ಷಕ್ಕೆ ಸುಮಾರು 650 ಟಿಎಂಸಿ ನೀರನ್ನು ಪಾಲು ಮಾಡಿದವು. ಅಷ್ಟು ನೀರು ನದಿಯಲ್ಲಿ ವರ್ಷವರ್ಷವೂ ಬರುವುದಿಲ್ಲ ಎಂಬುದು ನದಿಗೆ ಮಾತ್ರ ಗೊತ್ತಿತ್ತು. ಈಗ ಆ ನದಿ ಬಹುಪಾಲು ವರ್ಷ ಸಮುದ್ರವನ್ನೇ ಮುಟ್ಟುವುದಿಲ್ಲ. 2021ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಸರಕಾರವೇ ನೀರಿನ ಕೊರತೆಯನ್ನು ಘೋಷಿಸಿತು. ಆ ಬಿಳಿ ಪಟ್ಟಿ ಅದರ ಪಂಚನಾಮೆ.

ಆ್ಯಂಟಲೋಪ್ ಕ್ಯಾನ್ಯನ್‌ನ ಕಿತ್ತಳೆ ಬೆಳಕಿನಲ್ಲಿ ನಿಮ್ಮಿಬ್ಬರನ್ನು ನಿಲ್ಲಿಸಿ ಫೋಟೋ ತೆಗೆದ ಗೈಡ್ ನವಾಹೋ ಬುಡಕಟ್ಟಿನವನು ಎಂದಿರಿ. ಅವನ ಮನೆಗೆ ನಳ ಇದೆಯೇ ಎಂದು ಕೇಳಿದಿರೇನು? ಅವರ ನಾಡಿನಲ್ಲಿ ಸುಮಾರು ಮೂರರಲ್ಲೊಂದು ಮನೆಗೆ ನಳದ ನೀರಿಲ್ಲ. 1922ರ ಪಾಲುಪಟ್ಟಿಗೆ ಅವರನ್ನು ಯಾರೂ ಕರೆದಿರಲಿಲ್ಲ. ನೀರು ಒದಗಿಸಲು ಕ್ರಮ ಕೈಗೊಳ್ಳುವ ಹೊಣೆ ಸರಕಾರಕ್ಕಿಲ್ಲ ಎಂದು ಅಲ್ಲಿಯ ಸುಪ್ರೀಂ ಕೋರ್ಟು 2023ರಲ್ಲಿ ಹೇಳಿತು. ನೀವು ಫೋಟೋ ತೆಗೆಸಿಕೊಂಡ ಅದೇ ಕಣಿವೆಯಲ್ಲಿ 1997ರ ಆಗಸ್ಟ್‌ನಲ್ಲಿ ಎಲ್ಲಿಯೋ ಸುರಿದ ಮಳೆ ನುಗ್ಗಿ ಹನ್ನೊಂದು ಪ್ರವಾಸಿಗರನ್ನು ಕೊಚ್ಚಿಕೊಂಡು ಹೋಯಿತು. ಕುಡಿಯಲು ಬಾರದ ನೀರು ಕೊಲ್ಲಲು ಬಂದಿತ್ತು. ಇದು ನಮಗೆ ಹೊಸದಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಕೊಣ್ಣೂರು, ಹೊಳೆಆಲೂರುಗಳಿಗೆ ನುಗ್ಗಿದಾಗ ನಮ್ಮವರು ಬರ ಪರಿಹಾರದ ಅರ್ಜಿ ಬದಿಗಿಟ್ಟು ನೆರೆ ಪರಿಹಾರದ ಅರ್ಜಿ ತುಂಬಿದರು.

ಆದ್ದರಿಂದ ಮುಂದಿನ ಸಲ ಊರಿಗೆ ಬಂದಾಗ ನಾನು ಒಂದು ರೋಡ್ ಟ್ರಿಪ್ ಗೊತ್ತು ಮಾಡಿದ್ದೇನೆ. ಮಲಪ್ರಭೆ ಹುಟ್ಟುವ ಕಣಕುಂಬಿಯಿಂದ ಹೊರಡಿರಿ. ಅಲ್ಲಿ ಕಳಸಾ ಹಳ್ಳ ಕಾಣುತ್ತದೆ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ ಕೊಟ್ಟ 13.42 ಟಿಎಂಸಿಯಲ್ಲಿ ಕಳಸಾ–ಬಂಡೂರಿಯಿಂದ ಮಲಪ್ರಭೆಗೆ ತಿರುಗಬೇಕಾದದ್ದು 3.9. ಕಾಗದದ ಮೇಲೆ ಅದು ಈಗಾಗಲೇ ಹರಿಯುತ್ತಿದೆ. ಅಲ್ಲಿಂದ ಹೊಳೆ ಗುಡ್ಡ ಸೀಳಿಕೊಂಡು ಬರುವ ನವಿಲುತೀರ್ಥ. ಇದೂ ಕ್ಯಾನ್ಯನ್ನೇ, ಬಾಯಿಗೆ ಆಣೆಕಟ್ಟು ಕಟ್ಟಿದ್ದಾರೆ ಅಷ್ಟೆ. 37.73 ಟಿಎಂಸಿ ಹಿಡಿಯುವ ಆ ಜಲಾಶಯ ತುಂಬಿದ ವರ್ಷಗಳನ್ನು ನಮ್ಮ ಹಿರಿಯರು ಮೊಮ್ಮಕ್ಕಳು ಹುಟ್ಟಿದ ವರ್ಷದ ಹಾಗೆ ನೆನಪಿಟ್ಟಿದ್ದಾರೆ. ಮುಂದೆ ನರಗುಂದ. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಕಟ್ಟಿರಿ ಎಂದಾಗ 1980ರ ಜುಲೈ 21ರಂದು ಇಲ್ಲಿಯೂ ನವಲಗುಂದದಲ್ಲಿಯೂ ರೈತರು ಎದ್ದು ನಿಂತು ಗುಂಡು ತಿಂದರು. ಈ ತಾಣಕ್ಕೆ ಟಿಕೆಟ್ ಇಲ್ಲ, ಗೈಡ್ ಬೇಕಿಲ್ಲ, ಕಟ್ಟೆಯ ಮೇಲೆ ಕೂತ ಯಾವ ಅಜ್ಜನನ್ನು ಕೇಳಿದರೂ ಹೇಳುತ್ತಾನೆ. ಆಮೇಲೆ ಹೊಳೆ ಉತ್ತರಕ್ಕೆ ಹೊರಳುವ ಪಟ್ಟದಕಲ್ಲು ನೋಡಿ. ಕೊನೆಗೆ ನಮ್ಮ ಗಜೇಂದ್ರಗಡದ ಗುಡ್ಡದ ಕಾಲಕಾಲೇಶ್ವರ. ಅಲ್ಲಿ ಬಂಡೆಯ ಸಂದಿನಿಂದ ಅಂತರಗಂಗೆ ವರ್ಷವಿಡೀ ತೊಟ್ಟಿಕ್ಕುತ್ತದೆ. ಅದನ್ನು ಇನ್ನೂ ಯಾವ ಟ್ರಿಬ್ಯುನಲ್ಲೂ ಹಂಚಿಲ್ಲವಾದ್ದರಿಂದ ತಕರಾರಿಲ್ಲದೆ ನಡೆದಿದೆ.

ಇನ್ನು ಮನೆಯ ಮಾತು. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ನೀವು ನೋಡಿದ್ದೀರಿ. ಈಗ ಗಾಳಿಯವರು, ಸೋಲಾರಿನವರು ಹೊಲಗಳಿಗೇ ಇಳಿದಿದ್ದಾರೆ. ಗಾಳಿ ಜೋರು, ಬಿಸಿಲು ಜೋರು, ಮೋಡ ಕಡಿಮೆ: ಮೂರು ತಲೆಮಾರು ನಾವು ಯಾವುದಕ್ಕೆ ಹಣೆ ಹಣೆ ಬಡಿದುಕೊಂಡೆವೋ ಅದೆಲ್ಲ ಅವರ ಕರಾರುಪತ್ರದಲ್ಲಿ ಭೂಮಿಯ ಗುಣಗಳಾಗಿ ಅಚ್ಚಾಗಿದೆ. ಬರದಿಂದ ದುಡಿಮೆ ಇದೆ ಎಂಬುದು ಕಡೆಗೂ ಖರೆಯಾಯಿತು, ಬಿತ್ತುವವನನ್ನು ಬಿಟ್ಟು ಉಳಿದವರಿಗೆಲ್ಲ. ತಮ್ಮನ ಪಾಲಿನ ಹೊಲವನ್ನೂ ಕೇಳಿದ್ದಾರೆ. ಲೀಸಿಗೆ ಕೊಟ್ಟರೆ ನಿನ್ನ ಆಯುಷ್ಯದ ಅರ್ಧ ಅವರ ಕೈಯಲ್ಲಿರುತ್ತದೆ. ಕೊಡುವುದು ಬೇಡ ಎಂದು ನಾನು, ಕೊಟ್ಟು ಕಳೀರಿ ಎಂದು ಕಾಕಿ. ಉತಾರದಲ್ಲಿ ಹೆಸರು ನಿನ್ನದು, ಸಹಿಯೂ ನಿನ್ನದೇ ಆಗಬೇಕು. ಬರಡು ನೆಲದ ಚೆಲುವನ್ನು ಅಷ್ಟು ದೂರ ಹೋಗಿ ಅರಿತು ಬಂದವರು ನೀವು, ತೀರ್ಮಾನ ಇಬ್ಬರೂ ಕೂಡಿ ಮಾಡಿರಿ. ಮಾಡಿದ್ದನ್ನು ಮಾತಿನಲ್ಲಿ ಬರೆದು ತಿಳಿಸಿರಿ. ಗುಂಪಿನಲ್ಲಿ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿ ಕೈ ತೊಳೆದುಕೊಳ್ಳಬೇಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟಿಗೆ ಬೆಲೆ ಇದೆಯೇ ಹೊರತು ಹೆಬ್ಬೆರಳಿನ ಚಿತ್ರಕ್ಕಿಲ್ಲ.

ಇತಿ ನಿಮ್ಮ
ಕಾಕಾ
ಲಕ್ಕಲಕಟ್ಟಿ