ಒಬ್ರ ಬಂದೀರೇನ್ರಿ?

ಕುಷ್ಟಗಿಯ ವಿಜ್ಞಾನದ ಮಾಸ್ತರರೊಬ್ಬರು ಐವತ್ತೆರಡನೆಯ ವಯಸ್ಸಿನಲ್ಲಿ ತಲೆಕೆಳಗಾಗಲು ಹೊರಟರು. ಕಾರಣ, ಒಂದು ಬಕೆಟ್ಟು.

ಮಾಸ್ತರರು ವರ್ಷಕ್ಕೊಮ್ಮೆ ಒಂಬತ್ತನೆಯ ಇಯತ್ತೆಯ ಮುಂದೆ ಅರ್ಧ ಬಕೆಟ್ ನೀರು ಹಿಡಿದು ತಲೆಯ ಮೇಲಿಂದ ಗರಗರ ತಿರುಗಿಸುತ್ತಾರೆ. ಬಕೆಟ್ಟು ಬೋರಲಾದರೂ ಹನಿ ಚೆಲ್ಲುವುದಿಲ್ಲ. ತೋಳಿನುದ್ದ, ಬಕೆಟ್ಟಿನುದ್ದ ಸೇರಿ ಒಂದು ಮೀಟರ್ ಎಂದಿಟ್ಟುಕೊಂಡರೆ, ನೆತ್ತಿಯ ಮೇಲೆ ಬಂದಾಗ ಅದರ ವೇಗ ಸೆಕೆಂಡಿಗೆ 3.1 ಮೀಟರಿಗಿಂತ ಕಡಿಮೆಯಾಗಬಾರದು. ಕಡಿಮೆಯಾದರೆ ಅಂಗಿ ತೋಯುತ್ತದೆ. ಇಪ್ಪತ್ತಾರು ವರ್ಷಗಳ ನೌಕರಿಯಲ್ಲಿ ಅವರ ಅಂಗಿ ತೋಯ್ದದ್ದು ಎರಡೇ ಸಲ. ಅದರಲ್ಲೊಂದು ಸಲ ಇನ್ಸ್‌ಪೆಕ್ಷನ್ ಇತ್ತು, ಆ ಮಾತು ಬೇಡ.

ಈ ಸಲ ಬಕೆಟ್ಟು ಕೆಳಗಿಟ್ಟು ಚಪ್ಪಾಳೆಗೆ ಕಾಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸರ, ಬಕೆಟ್‌ನ್ಯಾಗಿನ ನೀರಿಗೆ ಹೆಂಗ ಅನಸ್ತೈತ್ರಿ?"

ಕ್ಲಾಸೆಲ್ಲ ನಕ್ಕಿತು. ಮಾಸ್ತರರು ನಗಲಿಲ್ಲ. ಅವರಿಗೆ ಉತ್ತರ ಗೊತ್ತಿರಲಿಲ್ಲ.

ಮೇಲೆ ಕೆಳಗೆ ತೂಗಿದ ಅನುಭವ ಅವರಿಗೂ ಇಲ್ಲದ್ದೇನಲ್ಲ. ನಾಗರ ಪಂಚಮಿಗೆ ಈ ಸೀಮೆಯಲ್ಲಿ ಜೋಕಾಲಿ ಕಟ್ಟದ ಊರಿಲ್ಲ. ಬೇವಿನ ಮರದ ಟೊಂಗೆಗೆ ದಪ್ಪ ಹಗ್ಗ ಬಿಗಿದು, ಎದುರುಬದುರು ಇಬ್ಬರು ನಿಂತು ಜೀಕಿದರೆ ಹೊಟ್ಟೆಯೊಳಗಿನ ಶೇಂಗಾದ ಉಂಡಿ ಗಂಟಲಿಗೆ ಬರುತ್ತದೆ. ಆದರೆ ಜೋಕಾಲಿ ಹಗ್ಗದ ಮಾತು ಕೇಳುತ್ತದೆ. ಪೂರ್ತಿ ಸುತ್ತು ಹಾಕಲು ಒಲ್ಲದು. ಮಾಸ್ತರರ ಮನೆಯಾಕೆ ಯಲಬುರ್ಗಾ ಕಡೆಯವರು. ಪಂಚಮಿಯಲ್ಲಿ ಟೊಂಗೆಯ ಎತ್ತರಕ್ಕೆ ಜೀಕಿ ಬೇವಿನ ಎಲೆಯನ್ನು ಹಲ್ಲಿನಿಂದ ಹರಿದು ತರುತ್ತಿದ್ದ ಹುಡುಗಿ ಎಂದು ಆಕೆಯ ತವರಿನಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಮದುವೆಯ ಮಾತುಕತೆಯಲ್ಲಿ ಇದನ್ನೂ ಹೇಳಿದ್ದರು. ಮಾಸ್ತರರು ಮರೆತಿದ್ದರು.

ಇನ್ನು ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ. ಜನವರಿಯಲ್ಲಿ ಲಕ್ಷಾಂತರ ಜನ ಸೇರಿ, ರೊಟ್ಟಿ, ಮಾದಲಿಯ ದಾಸೋಹ ನಡೆಯುವ ಹೊತ್ತಿಗೆ ಮೈದಾನದಲ್ಲಿ ತೊಟ್ಟಿಲೂ ಬಂದು ನಿಂತಿರುತ್ತದೆ. ಜೈಂಟ್ ವೀಲ್ ಎಂದು ಬೋರ್ಡಿನ ಮೇಲೆ ಬರೆದಿದ್ದರೂ ಊರಿನವರ ಬಾಯಲ್ಲಿ ಅದು ತೊಟ್ಟಿಲೇ. ಪಕ್ಕದಲ್ಲಿ ಕೊಲಂಬಸ್ ಹಡಗು. ಅದರ ತುದಿಯ ಸೀಟಿಗಾಗಿ ಗಂಡುಹುಡುಗರ ನೂಕಾಟ. ತೊಟ್ಟಿಲಿನ ನಿಜವಾದ ಗಮ್ಮತ್ತು ತಿರುಗುವಾಗ ಅಲ್ಲ, ನಿಂತಾಗ. ಕೆಳಗೆ ಜನ ಇಳಿದು ಹತ್ತುವಷ್ಟು ಹೊತ್ತು ನಿಮ್ಮ ಪೆಟ್ಟಿಗೆ ತುತ್ತತುದಿಯಲ್ಲಿ ಕಿರ್ ಕಿರ್ ಎಂದು ಅಲ್ಲಾಡುತ್ತಿರುತ್ತದೆ. ದೂರದಲ್ಲಿ ಗವಿಮಠದ ಗುಡ್ಡ, ಕೆಳಗೆ ಬಳೆ ಅಂಗಡಿಯ ದೀಪ, ಎದುರಿಗೆ ಕೂತ ಅತ್ತಿಗೆ ಕಣ್ಣು ಮುಚ್ಚಿ ಮಠದ ಅಜ್ಜನನ್ನು ನೆನೆಯುತ್ತಿರುತ್ತಾರೆ. ಆದರೆ ತೊಟ್ಟಿಲಿನಲ್ಲೂ ಮನುಷ್ಯ ನೆಟ್ಟಗೇ ಕೂತಿರುತ್ತಾನೆ. ಬಕೆಟ್ಟಿನ ನೀರಿನ ಪಾಡು ಅಲ್ಲೂ ತಿಳಿಯದು.

ಆಟಿಕೆಗೆ ಕೊಪ್ಪಳ ಜಿಲ್ಲೆ ಬಡವಾದದ್ದಲ್ಲ. ಕಿನ್ನಾಳದ ಬಣ್ಣದ ಗೊಂಬೆಗಳಿಗೆ ಹೆಸರಿದೆ. ಭಾನಾಪುರದಲ್ಲಿ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಕೈಯಲ್ಲಿ ಹಿಡಿದು ಆಡುವುದಕ್ಕೆ ಇಷ್ಟು ಸಾಕು. ಒಳಗೆ ಕೂತು ಆಡುವ ಆಟಿಕೆ ಬೇಕೆಂದರೆ ಬೆಂಗಳೂರಿನ ಹತ್ತಿರದ ಬಿಡದಿಯ ವಂಡರ್‌ಲಾ ಪಾರ್ಕಿಗೆ ಹೋಗಬೇಕು. ಅಲ್ಲಿ ರಿಕಾಯಿಲ್ ಎಂಬ ರೈಲು ಜನರನ್ನು ಮುಂದಕ್ಕೆ ಮೂರು ಸಲ, ಹಿಂದಕ್ಕೆ ಮೂರು ಸಲ ಬುಡಮೇಲು ಮಾಡುತ್ತದೆ. ಅಂಥದೊಂದು ಈ ಕಡೆ ಬರಲಿ ಎಂದು ಕಾಯುವ ವ್ಯವಧಾನ ಮಾಸ್ತರರಿಗೆ ಇರಲಿಲ್ಲ. ಕುಷ್ಟಗಿಗೆ ನೆಟ್ಟಗೆ ಓಡುವ ರೈಲೇ ಬಂದದ್ದು 2025ರ ಮೇ 15ರಂದು. ತಲೆಕೆಳಗೆ ಓಡುವ ರೈಲು ಬರುವ ಹೊತ್ತಿಗೆ ಅವರ ಪೆನ್ಶನ್ನೂ ಮುಗಿದಿರುತ್ತದೆ.

ಹೋಗುವುದೇನೋ ಸರಿ, ಒಬ್ಬರೇ ಹೋಗುವುದು ಹೇಗೆ? ಈ ಭಾಗದಲ್ಲಿ ಮನುಷ್ಯ ಆಸ್ಪತ್ರೆಗೆ, ಕೋರ್ಟಿಗೆ ಒಬ್ಬನೇ ಹೋಗಬಹುದು. ಗಮ್ಮತ್ತಿಗೆ ಹೋಗುವಂತಿಲ್ಲ. ಜಾತ್ರೆಯಲ್ಲಿ ಒಬ್ಬನೇ ಅಡ್ಡಾಡುತ್ತಿದ್ದಾನೆಂದರೆ ಆತ ಮಫ್ತಿಯ ಪೊಲೀಸ, ಇಲ್ಲವೇ ಕಿಸೆಗಳ್ಳ. ಮಾಸ್ತರರು ಮನೆಯಲ್ಲಿ ಸತ್ಯ ಹೇಳಿದರು. ಮನೆಯಾಕೆ ರೊಟ್ಟಿ ಬಡಿಯುತ್ತಲೇ, "ನಾ ಬಂದ್ರ ಬಸ್ ಚಾರ್ಜ್ ಫ್ರೀ ಐತಿ" ಎಂದರು. "ಸ್ಲೀಪರಿಗೆ ಶಕ್ತಿ ಯೋಜನೆ ನಡೆಯಂಗಿಲ್ಲ. ಅಲ್ಲದ ನಿನಗ ತಲಿ ತಿರಗತೈತಿ" ಎಂದರು ಮಾಸ್ತರರು. ಆಕೆ ಮತ್ತೇನೂ ಅನ್ನಲಿಲ್ಲ. ರೊಟ್ಟಿಯ ಬಡಿತ ಮಾತ್ರ ತುಸು ಜೋರಾಯಿತು.

ಊರಿನಲ್ಲಿ ಸತ್ಯ ಹೇಳುವ ಧೈರ್ಯ ಆಗಲಿಲ್ಲ. ಶನಿವಾರ ಬೆಳಗಿನ ಶಾಲೆ ಮುಗಿಸಿ, ಹೊಲಿಯಲು ಕೊಟ್ಟ ಅಂಗಿ ಒಯ್ಯಲು ಬಸ್‌ಸ್ಟ್ಯಾಂಡಿನ ಹತ್ತಿರದ ಟೇಲರ್ ಅಂಗಡಿಗೆ ಹೋದಾಗ ಆತ ಕೇಳಿದ, "ಎಲ್ಲಿಗ್ರಿ ಸರ, ಬ್ಯಾಗ್ ಹಿಡಕೊಂಡು?"

"ಬೆಂಗಳೂರಿಗೆ. ತರಬೇತಿ ಐತಿ."

"ರವಿವಾರನೂ ತರಬೇತಿ ಏನ್ರಿ?"

"ಹೊಸಾ ಪದ್ಧತಿ" ಎಂದು ಮಾಸ್ತರರು ಅಂಗಿ ಕಂಕುಳಲ್ಲಿ ಅವುಚಿಕೊಂಡು ನಡೆದುಬಿಟ್ಟರು.

ರೋಲರ್ ಕೋಸ್ಟರಿನ ಹುಚ್ಚಿರುವವರು 'ಏರ್‌ಟೈಮ್' ಎಂಬ ಮಾತು ಬಳಸುತ್ತಾರೆ. ದಿಬ್ಬ ದಾಟುವಾಗ ಕುಂಡಿ ಸೀಟಿನಿಂದ ಮೇಲೇಳುತ್ತದಲ್ಲ, ಆ ಗಳಿಗೆ. ಅದಕ್ಕಾಗಿ ಅವರು ದೇಶ ದೇಶ ಸುತ್ತುತ್ತಾರಂತೆ. ಮಾಸ್ತರರಿಗೆ ಅದು ಹೊಸಪೇಟೆ ದಾಟುವ ಮೊದಲೇ, ಸ್ಲೀಪರ್ ಬಸ್ಸಿನ ಹಿಂದಿನ ಚಕ್ರದ ಮೇಲಿನ ಬರ್ತಿನಲ್ಲಿ, ರಸ್ತೆಯ ಹಂಪ್‌ಗೊಂದರಂತೆ ದೊರೆಯಿತು. ರಾತ್ರಿಯಿಡೀ ಅವರು ಮಲಗಿದ್ದಕ್ಕಿಂತ ತೇಲಿದ್ದೇ ಹೆಚ್ಚು.

ಹನ್ನೊಂದಕ್ಕೆ ಗೇಟು ತೆರೆಯುವ ಪಾರ್ಕಿಗೆ ಒಂಬತ್ತೂವರೆಗೇ ಮುಟ್ಟಿದರು. ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಹಾಗಾಗಿ ಗೇಟಿನ ಹೊರಗಿನ ಕಟ್ಟೆಯ ಮೇಲೆ ಕೂತು ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿದರು. ರೊಟ್ಟಿ ಮುರಿದ ಸಪ್ಪಳಕ್ಕೆ ಪಕ್ಕದ ಕಾಲೇಜು ಹುಡುಗರು ತಿರುಗಿ ನೋಡಿದರು. ಮೂರು ರೊಟ್ಟಿ ಅವರ ಪಾಲಾಯಿತು. ಆಮೇಲೆ ಟಿಕೆಟ್ ಕಿಟಕಿ.

"ಎಷ್ಟು ಜನ ಸರ್?"

"ಒಂದು."

"ಒಂದು ಫ್ಯಾಮಿಲೀನಾ ಸರ್?"

"ಒಂದು ಮನುಷ್ಯ."

2005ರಲ್ಲಿ ಶುರುವಾದ ಈ ಪಾರ್ಕಿಗೆ ಎಂಬತ್ತೆರಡು ಎಕರೆ ಜಾಗ. ಅಷ್ಟೂ ಜಾಗದಲ್ಲಿ ಇಸ್ತ್ರಿ ಮಾಡಿದ ಹೊಸ ಅಂಗಿ ತೊಟ್ಟು, ಕಿಸೆಯಲ್ಲಿ ಕೆಂಪು ಪೆನ್ನು ಸಿಕ್ಕಿಸಿಕೊಂಡು ಬಂದವರು ಇವರೊಬ್ಬರೇ.

ರಿಕಾಯಿಲ್ ಸಾಲು ಉದ್ದವಿತ್ತು. ಮಾಸ್ತರರಿಗೆ ಅದೇ ಬೇಕಾಗಿತ್ತು, ಲೆಕ್ಕ ಮಾಡಬೇಕಿತ್ತು. ಬೂಮರ್ಯಾಂಗ್ ಎಂದು ಕರೆಯುವ ಈ ಮಾದರಿಯನ್ನು ಹಾಲೆಂಡಿನ ವೆಕೋಮಾ ಕಂಪನಿ 1984ರಲ್ಲಿ ಮೊದಲು ಓಡಿಸಿದ್ದು ಮೆಕ್ಸಿಕೋದಲ್ಲಿ. ಎರಡು ತುದಿಗೂ ಆಕಾಶಕ್ಕೆ ಎದ್ದುನಿಂತ ಹಳಿ; ಎತ್ತರ ಸುಮಾರು 35 ಮೀಟರ್. ರೈಲಿಗೆ ಎಂಜಿನ್ ಇಲ್ಲ. ಹಿಂದಕ್ಕೆ ಎಳೆದು ಮೇಲೊಯ್ದು ಕೈಬಿಡುತ್ತಾರೆ, ಮುಂದಿನದು ಭೂಮಿತಾಯಿಯ ಕೆಲಸ. ಪ್ರಚ್ಛನ್ನ ಶಕ್ತಿ ಪೂರ್ತಿ ಚಲನಶಕ್ತಿಯಾದರೆ ಸೆಕೆಂಡಿಗೆ 26 ಮೀಟರ್, ಅಂದರೆ ಗಂಟೆಗೆ 94 ಕಿಲೋಮೀಟರ್ ಬರಬೇಕು. ಈ ಮಾದರಿಯ ನಿಜವಾದ ವೇಗ 75ರ ಆಸುಪಾಸು. ಹಳಿ ಪೂರ್ತಿ ನೆಲಕ್ಕಿಳಿಯುವುದಿಲ್ಲ. ಉಳಿದದ್ದರಲ್ಲಿ ಗಾಳಿಗಿಷ್ಟು, ಗಾಲಿಯ ಘರ್ಷಣೆಗಿಷ್ಟು. ಲೆಕ್ಕದಲ್ಲಿ ಮಾಸ್ತರರಿಗೆ ಬಹಳ ಹಿಡಿಸಿದ್ದು ಬೇರೆಯೇ. ಸಮೀಕರಣದ ಎರಡೂ ಕಡೆ ದ್ರವ್ಯರಾಶಿ ಹೊಡೆದುಹೋಗುತ್ತದೆ. ತಮ್ಮ ಎಂಬತ್ನಾಲ್ಕು ಕೇಜಿ ಲೆಕ್ಕಕ್ಕೇ ಬಾರದ ಜಾಗವೊಂದು ಭೂಮಿಯ ಮೇಲೆ ಸಿಕ್ಕಿತಲ್ಲ ಎಂದು ಅವರಿಗೆ ಸಮಾಧಾನವಾಯಿತು.

ಈ ಆಟದ ವಂಶಾವಳಿಯೂ ಮೋಜಿನದು. ರಷ್ಯದವರು ಚಳಿಗಾಲದಲ್ಲಿ ಕಟ್ಟಿಗೆಯ ಇಳಿಜಾರಿಗೆ ನೀರು ಸುರಿದು, ಬರ್ಫವಾದ ಮೇಲೆ ಜಾರುತ್ತಿದ್ದರು. ಅದಕ್ಕೇ ಫ್ರೆಂಚರು ರೋಲರ್ ಕೋಸ್ಟರನ್ನು ಇವತ್ತಿಗೂ 'ರಷ್ಯದ ಗುಡ್ಡ' ಅನ್ನುತ್ತಾರೆ. ರಷ್ಯದವರು ಅನ್ನುವುದು 'ಅಮೆರಿಕದ ಗುಡ್ಡ'. ತಲೆಸುತ್ತಿನ ಪಾಪವನ್ನು ಯಾರೂ ತಮ್ಮ ಮೈಮೇಲೆ ಎಳೆದುಕೊಳ್ಳಲು ತಯಾರಿಲ್ಲ. ಅಮೆರಿಕದ ಥಾಮ್ಸನ್ ಎಂಬಾತ 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಇಂಥದೊಂದು ರೈಲು ಓಡಿಸಿದ. ಜನ ಸೆರೆಯಂಗಡಿ ಬಿಟ್ಟು ಬರಲಿ ಎಂಬುದು ಆತನ ಆಸೆ. ಟಿಕೆಟ್ಟಿಗೆ ಐದು ಸೆಂಟು, ವೇಗ ಗಂಟೆಗೆ ಹತ್ತು ಕಿಲೋಮೀಟರಿಗೆ ತುಸು ಕಡಿಮೆ. ಸಂತೆ ದಿನ ಹದಿನಾಲ್ಕು ಜನರನ್ನು ಹೇರಿಕೊಂಡ ಟಂಟಂ ಅದಕ್ಕಿಂತ ಜೋರಾಗಿ ಹೋಗುತ್ತದೆ. ಅಲ್ಲಿಯೇ 1895ರಲ್ಲಿ ಫ್ಲಿಪ್ ಫ್ಲ್ಯಾಪ್ ಎಂಬ ರೈಲು ಸುತ್ತು ಹೊಡೆಯಿತು. ಅದರ ಸುತ್ತು ಬಕೆಟ್ಟಿನದರಂತೆ ಸರಿಯಾದ ವೃತ್ತ. ಒಳಹೊಕ್ಕ ಕೂಡಲೇ ಕತ್ತಿಗೆ ಫಟ್ಟನೆ ಪೆಟ್ಟು. ಹತ್ತಿದವರು ಕುತ್ತಿಗೆ ಹಿಡಿದುಕೊಂಡು ಇಳಿದರು. ಆ ಸುತ್ತನ್ನು ನೀರಿನ ಹನಿಯ ಆಕಾರಕ್ಕೆ ಎಳೆದು, ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದು ಮಾಡಿ, ಕುತ್ತಿಗೆ ಉಳಿಸಿದವರು ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗಲ್. ಕ್ಯಾಲಿಫೋರ್ನಿಯಾದಲ್ಲಿ ಅಂಥ ಸುತ್ತು ಓಡಿದ್ದು 1976ರಲ್ಲಿ. ಅಂದರೆ ಸರಿಯಾದ ಸುತ್ತೊಂದಕ್ಕೆ ಎಂಬತ್ತೊಂದು ವರ್ಷ ಬೇಕಾಯಿತು.

"ಸಿಂಗಲ್ ಯಾರಾದ್ರೂ ಇದೀರಾ?"

ಮೇಲಿಂದ ಕೂಗು ಬಂತು. ಒಂದು ಸೀಟು ಖಾಲಿ ಇತ್ತು. ಬದುಕಿನಲ್ಲಿ ಮೊದಲ ಸಲ ಒಬ್ಬರೇ ಬಂದದ್ದು ಉಪಯೋಗಕ್ಕೆ ಬಿತ್ತು. ಮಾಸ್ತರರು ಕೈ ಎತ್ತಿ, ನಾಲ್ಕು ಫ್ಯಾಮಿಲಿಗಳನ್ನು ದಾಟಿ ಮುಂದೆ ಹೋದರು. ಚಪ್ಪಲಿ ಬದಿಗೆ. ಫೋನು, ಪಾಕೀಟು ಮೊದಲೇ ಲಾಕರಿನಲ್ಲಿದ್ದವು. ಮೈನಸ್ ಆರರ ಚಷ್ಮಾ ಕೂಡ. ಭುಜದ ಮೇಲಿಂದ ದಪ್ಪ ಪಟ್ಟಿ ಇಳಿದು ಎದೆಗೆ ಕಚ್ಚಿಕೊಂಡಿತು. ರೈಲು ಹಿಂದಕ್ಕೆ ಏರತೊಡಗಿತು. ಬೆನ್ನು ಆಕಾಶಕ್ಕೆ, ಮುಖ ನೆಲಕ್ಕೆ; ಪಟ್ಟಿಗೆ ಜೋತುಬಿದ್ದ ಬಾವಲಿಯ ಹಾಗೆ ಮಾಸ್ತರರು ನೇತಾಡಿದರು. ಪಕ್ಕದಲ್ಲಿ ಇಪ್ಪತ್ತೆರಡರ ಹುಡುಗ.

"ಸರ, ಒಬ್ರ ಬಂದೀರೇನ್ರಿ?"

ಆ 'ಏನ್ರಿ' ಕೇಳಿದ್ದೇ ತಡ, ಮಾಸ್ತರರಿಗೆ ಎತ್ತರ ಮರೆತುಹೋಯಿತು. "ಹೌದು. ನಿಮ್ಮದು ಯಾ ಊರು?"

"ಗಂಗಾವತಿ ರೀ. ಇಲ್ಲೆ ಕೆಲಸಕ್ಕ ಅದೀನಿ. ನಿಮ್ಮದ್ರಿ?"

"ಕುಷ್ಟಗಿ."

"ಅಯ್ಯ! ನಮ್ಮ ಸ್ವಾದರಮಾವ ಕುಷ್ಟಗ್ಯಾಗ ಅದಾನ್ರಿ. ಬಸ್‌ಸ್ಟ್ಯಾಂಡ್ ಹಂತ್ಯಾಕ ಟೇ—"

ರೈಲು ಬಿತ್ತು.

ಮುಂದಿನದನ್ನು ಮಾಸ್ತರರು ನೋಡಲಿಲ್ಲ, ಕೇಳಿಸಿಕೊಂಡರು ಅಷ್ಟೆ. ಚಷ್ಮಾ ಇಲ್ಲದ ಕಣ್ಣಿಗೆ ಹಸಿರು, ನೀಲಿ, ಮತ್ತೆ ಹಸಿರು. ಯಾರೋ ಒದ್ದೆ ಚಿತ್ರದ ಮೇಲೆ ಕೈ ಒರೆಸಿದ ಹಾಗೆ. ಎಲುಬಿಗೆ ಕೇಳಿಸುವಂಥ ಗುಡುಗು. ಕೆನ್ನೆ ಕಿವಿಯ ಕಡೆ ಸರಿಯಿತು. ಉಚ್ಚ ಸ್ವರದಲ್ಲಿ ಯಾರೋ 'ಯವ್ವಾ' ಎಂದು ಒಂದೇ ಉಸಿರಿನಲ್ಲಿ ಕೂಗುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅದು ತಮ್ಮದೇ ದನಿ ಎಂದು ಅವರಿಗೆ ಗೊತ್ತಾಯಿತು. ಪ್ರಯೋಗಕ್ಕೆಂದು ಬಂದವರು ಉರುಳಿದ ಸಲ ಎಣಿಸಬೇಕೆಂದುಕೊಂಡಿದ್ದರು. ಒಂದು ಆಯಿತು. ಎರಡು? ಆದದ್ದು ತಿಳಿಯಲೇ ಇಲ್ಲ. ತಲೆಕೆಳಗಾದಾಗಲೂ ಮೈ ಸೀಟಿಗೇ ಒತ್ತಿಕೊಂಡಿತ್ತು. 'ಕೆಳಗೆ' ಎಂಬುದು ಕುಂಡಿಯ ಕಡೆಗೇ ಇತ್ತು.

ಆಚೆ ತುದಿಯ ಹಳಿ ಏರಿ ರೈಲು ನಿಧಾನವಾಯಿತು. ಈಗ ಮುಖ ಆಕಾಶಕ್ಕೆ. ಸರಪಳಿ ಟಕಟಕ ಎಳೆದೊಯ್ಯುವಾಗ ಹುಡುಗ ಉಸಿರು ತಿರುಗಿಸಿಕೊಂಡು ಮಾತು ಮುಗಿಸಿದ.

"—ಲರ್ ಅಂಗಡಿ ಐತ್ರಿ ಅವಂದು. ನಿನ್ನೆ ಫೋನ್ ಮಾಡಿದ್ದ."

ಮಾಸ್ತರರ ಹೊಟ್ಟೆ ಧಸಕ್ಕೆಂದಿತು. ರೈಲು ಇನ್ನೂ ಬಿದ್ದಿರಲಿಲ್ಲ.

ಇಡೀ ಆಟ ಎರಡು ನಿಮಿಷದೊಳಗೆ ಮುಗಿಯುತ್ತದೆ. ಇಳಿದು, ಚಪ್ಪಲಿ ಎಡದ್ದು ಬಲಕ್ಕೆ ಮೆಟ್ಟಿಕೊಂಡು ನಿಂತ ಮಾಸ್ತರರ ಜತೆ ಹುಡುಗ ಒಂದು ಸೆಲ್ಫಿ ಹೊಡೆದುಕೊಂಡ. "ಮಾವಗ ಕಳಸ್ತೀನ್ರಿ" ಎಂದ. ಬೇಡ ಎನ್ನಲು ಬಾಯಿ ಇನ್ನೂ ಸ್ವಾಧೀನಕ್ಕೆ ಬಂದಿರಲಿಲ್ಲ. ಆ ದಿನ ಮಾಸ್ತರರು ರಿಕಾಯಿಲನ್ನು ಇನ್ನೆರಡು ಸಲ ಹತ್ತಿದರು. ಹೇಗೂ ಮಾನ ಹೋಗಿತ್ತು. ಅಲೆಗಳ ಕೊಳದಲ್ಲಿ ಮೊಣಕಾಲು ತೋಯಿಸಿಕೊಂಡರು, ಒಂದು ಮಸಾಲೆ ದೋಸೆ ತಿಂದರು, ರಾತ್ರಿ ಬಸ್ಸು ಹತ್ತಿ ಹಂಪು ಯಾವುದೂ ತಿಳಿಯದಂತೆ ಚಿತ್ರದುರ್ಗದಾಚೆಗೂ ನಿದ್ದೆ ಹೊಡೆದರು.

ಸೋಮವಾರ ಬೆಳಿಗ್ಗೆ ಟೇಲರ್ ಅಂಗಡಿಯ ಎದುರಿನಿಂದಲೇ ಶಾಲೆಯ ದಾರಿ. ಆತ ಕತ್ತರಿ ಕೆಳಗಿಟ್ಟು, ಬಹಳ ಗಂಭೀರವಾಗಿ ಕೇಳಿದ. "ತರಬೇತಿ ಛಲೋ ಆತೇನ್ರಿ ಸರ?"

ಕ್ಲಾಸಿನಲ್ಲಿ ಮಾಸ್ತರರು ಹಿಂದಿನ ಬೆಂಚಿನ ಹುಡುಗನನ್ನು ತಾವೇ ಎಬ್ಬಿಸಿ ಉತ್ತರ ಹೇಳಿದರು. ನೀರಿಗೆ ಬೋರಲಾದದ್ದು ಗೊತ್ತೇ ಆಗುವುದಿಲ್ಲ, ಅದರ ಪಾಲಿಗೆ ಬಕೆಟ್ಟಿನ ತಳವೇ ನೆಲ ಎಂದರು. ಹುಡುಗ ತಲೆಯಾಡಿಸಿದ. ಕೂಡಲಿಲ್ಲ. "ಮತ್ತ ಮ್ಯಾಲೆ ಹೋದಾಗ ಏನೇನ್ ಕಾಣ್ತರಿ ಸರ?"

"ಏನೂ ಕಾಣಲಿಲ್ಲೋ. ಚಷ್ಮಾ ಲಾಕರಿನ್ಯಾಗ ಇತ್ತು."

ಸಂಜೆ ಚಷ್ಮಾದ ಅಂಗಡಿಯಲ್ಲಿ ಅವರು ಕಿವಿಯ ಹಿಂದಿನಿಂದ ಬಿಗಿಯುವ ದಾರ ಕೇಳಿದರು. ಸಂತೆಗೆಂದು ಜತೆಗೆ ಬಂದಿದ್ದ ಮನೆಯಾಕೆ ಹೊರಗೆ ಕೈಚೀಲ ಹಿಡಿದು ನಿಂತಿದ್ದರು. ಅಂಗಡಿಯವ ಕಪ್ಪು ದಾರವೊಂದನ್ನು ಎಳೆದೆಳೆದು ತೋರಿಸಿ, "ಹುಡುಗರು ಕ್ರಿಕೆಟ್ ಆಡಾಕ ಇದನ್ನ ಒಯ್ತಾರ್ರಿ. ಒಂದ ಸಾಕಲ್ರಿ?" ಎಂದ.

ಮಾಸ್ತರರು ಹೂಂ ಅನ್ನುವಷ್ಟರಲ್ಲಿ ಮನೆಯಾಕೆ ಒಳಗೆ ಬಂದು, ತಮ್ಮ ಚಷ್ಮಾ ತೆಗೆದು ಮೇಜಿನ ಮೇಲಿಟ್ಟರು.

"ಎರಡು ಕೊಡ್ರಿ."